ಕರಿಯನನ್ನು ಹುಲಿಯೂರುದುರ್ಗದ ಕಡೆ ಕಳಿಸಿದ್ದು

ನಮ್ಮ ಬೀಜದ ಹೋರಿ ಕರಿಯ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ ಮಾತು: "ಎಷ್ಟಕ್ಕೆ ಹೋಯ್ತು ಅಣ್ಣ?" ಕಾಸಿಗೆ ಕೊಟ್ಟಿಲ್ಲ, ಹೋರಿಗೆ ಹೋರಿ ಬದಲಾಯಿಸಿಕೊಂಡಿದ್ದೀವಿ ಅಂದರೆ ಆ ಕಡೆಯಿಂದ ಸಣ್ಣ ನಗು. ನಂಬಿಲ್ಲ ಅಂತ ಅರ್ಥ. ಇನ್ನು ಕೆಲವರು, "ಇನ್ನೂ ಐದು ವರ್ಷ ಹಸುಗಳಿಗೆ ಬಿಡಬಹುದಿತ್ತು, ಯಾಕೆ ಕಳಿಸಿದ್ರಿ? ಏನಾದ್ರೂ ದೋಷ ಇತ್ತಾ?" ಅಂತಾರೆ. ದೋಷ ಅವನದಲ್ಲ, ನನ್ನದು. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಅದಕ್ಕೇ ಇಲ್ಲಿ ಬರೆದು ಇಡುತ್ತಿದ್ದೇನೆ.

ನಮ್ಮದು ಗುಬ್ಬಿ ತಾಲ್ಲೂಕು, ಹಾಗಲವಾಡಿ ಕಡೆ. ಎರಡೂವರೆ ಎಕರೆ ತೆಂಗು, ಮಳೆ ಬಂದರೆ ರಾಗಿ. ಅದರ ಜೊತೆಗೆ ನಮ್ಮ ಮನೆಯಲ್ಲಿ ಯಾವಾಗಲೂ ಒಂದು ಬೀಜದ ಹೋರಿ ಇರುತ್ತದೆ. ಅಪ್ಪನ ಕಾಲದಿಂದ ಕರಿಯ ಐದನೆಯವನು. ಐದೂ ಹಳ್ಳಿಕಾರ್ ತಳಿ. ಹೋರಿ ಸಾಕುವುದು ದುಡ್ಡಿಗೆ ಅಂತ ಯಾರಾದರೂ ಅಂದರೆ ನಮ್ಮ ಹಿಂಡಿ ಅಂಗಡಿ ಲೆಕ್ಕ ತೋರಿಸಬೇಕು. ದಿನಕ್ಕೆ ಕಡಲೆಕಾಯಿ ಹಿಂಡಿ, ಬೂಸಾ, ಬೇಯಿಸಿದ ಹುರುಳಿ, ಮೇಲೆ ರಾಗಿ ಹುಲ್ಲು. ಒಂದು ಹಸುವಿಗೆ ನಾನು ತಗೊಳ್ಳುವುದು 500 ರೂಪಾಯಿ. ಗಬ್ಬ ನಿಲ್ಲದೆ ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆಗೆ ಬಂದರೆ ಎರಡನೇ ಸಲಕ್ಕೆ ಕಾಸಿಲ್ಲ. ಇದು ಅಪ್ಪ ಮಾಡಿದ ಕಟ್ಟಳೆ. ವಾರಕ್ಕೆ ನಾಲ್ಕು ಹಸು, ದಿನಕ್ಕೆ ಒಂದೇ, ಇದೂ ಅವನದ್ದೇ. ಈ ಎರಡನೆಯದನ್ನು ಮುರಿದ ದಿನವೇ ನನಗೆ ಬುದ್ಧಿ ಬಂದಿದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಕರಿಯ ಬಂದದ್ದು 2018ರ ಶಿವರಾತ್ರಿಯಲ್ಲಿ, ಸಿದ್ಧಗಂಗೆ ಜಾತ್ರೆಯಿಂದ. ಆಗ ಎರಡು ಹಲ್ಲು (ಹೋರಿಯ ವಯಸ್ಸನ್ನು ಹಲ್ಲಿನಲ್ಲೇ ಲೆಕ್ಕ ಹಾಕುವುದು). ಅಪ್ಪ ಮೂರು ದಿನ ಜಾತ್ರೆಯಲ್ಲೇ ಮಲಗಿದ್ದ. ಮೊದಲ ದಿನವೇ ಇವನನ್ನು ನೋಡಿ ಇಟ್ಟಿದ್ದ, ಆದರೆ ಆ ಸಾಲಿನ ಕಡೆ ತಿರುಗಿಯೂ ನೋಡಲಿಲ್ಲ. ಬೇರೆ ಬೇರೆ ಹೋರಿಗಳ ಬಾಯಿ ತೆಗೆಸಿ ಹಲ್ಲು ನೋಡುತ್ತಾ ಕಾಲ ಕಳೆದ. ಮೂರನೇ ದಿನ ಸಂಜೆ ಯಜಮಾನರು ಗೂಟ ಕೀಳುವ ಹೊತ್ತಿಗೆ ಹೋಗಿ, ದಲ್ಲಾಳಿಯ ಟವೆಲ್ ಕೆಳಗೆ ಕೈ ಹಾಕಿದ. ಬೆರಳಲ್ಲಿ ಎಷ್ಟಕ್ಕೆ ಮುಗಿಯಿತು ಅಂತ ಅವ್ವನಿಗೂ ಹೇಳಲಿಲ್ಲ. ಬ್ಯಾಂಕಿನ ಪಾಸ್‌ಬುಕ್ ನೋಡಿ ನಮಗೆ ಗೊತ್ತಾಯಿತು.

ಹೆಸರು ಕರಿಯ ಆದರೂ ಪೂರ್ತಿ ಕಪ್ಪಲ್ಲ. ಮೈ ಬೂದು. ಕುತ್ತಿಗೆ, ಹಿಣಿಲು, ತೊಡೆ ಮಾತ್ರ ಇದ್ದಲು ಒರೆಸಿದ ಹಾಗೆ. ಕೊಂಬು ನೆತ್ತಿಯಲ್ಲಿ ಹತ್ತಿರ ಹತ್ತಿರ ಹುಟ್ಟಿ, ನೆಟ್ಟಗೆ ಹಿಂದಕ್ಕೆ ಹೋಗಿ, ತುದಿಯಲ್ಲಿ ಚೂರು ಮುಂದಕ್ಕೆ ಬಾಗಿತ್ತು. ಇದನ್ನೆಲ್ಲ ಜಾತ್ರೆಗೆ ಬಂದವರು ಫೋಟೋ ತೆಗೆಯುತ್ತಾರೆ. ಅಪ್ಪ ನೋಡುತ್ತಿದ್ದದ್ದು ಬೇರೆ. ಹೋರಿಯನ್ನು ಕೆರೆ ಅಂಗಳದ ಹಸಿ ಮಣ್ಣಿನ ಮೇಲೆ ನಡೆಸಿ, ಹಿಂದೆ ಬಗ್ಗಿ ಹೆಜ್ಜೆ ನೋಡೋನು. ಹಿಂಗಾಲಿನ ಗೊರಸು ಮುಂಗಾಲಿನ ಗುರುತಿನ ಮೇಲೆ ಬೀಳಬೇಕು, ಇಲ್ಲ ಅದನ್ನು ದಾಟಿ ಮುಂದೆ ಬೀಳಬೇಕು. ಹಿಂದೆಯೇ ಉಳಿದರೆ ಆ ಹೋರಿಯ ಮಕ್ಕಳು ಗಾಡಿಯಲ್ಲಿ ಬೇಗ ಸೋಲುತ್ತವೆ ಅನ್ನೋನು. ಕರಿಯನ ಹಿಂಗಾಲು ನಾಲ್ಕು ಬೆರಳು ಮುಂದಕ್ಕೆ ಬೀಳುತ್ತಿತ್ತು. ಆಮೇಲೆ ಹೊಟ್ಟೆ ಕೆಳಗಿನ ದೊಗಲು ಜೋತು ಬೀಳದೆ ಬಿಗಿಯಾಗಿರಬೇಕು. ಎರಡೂ ಬೀಜ ಸಮ ಇರಬೇಕು. ಸುಳಿ ನೋಡುವುದನ್ನು ಮಾತ್ರ ಅಪ್ಪ ಕೊಳ್ಳುವವರಿಗೆ ಬಿಟ್ಟಿದ್ದ. "ಸುಳಿ ಗಾಡಿ ಎಳೆಯಲ್ಲ" ಅನ್ನೋನು. ನನಗೂ ಸುಳಿಯಲ್ಲಿ ನಂಬಿಕೆ ಇಲ್ಲ. ಆದರೆ ಹಣೆಯಲ್ಲಿ ಸುಳಿ ಕೆಟ್ಟದಿದ್ದರೆ ಜಾತ್ರೆಯಲ್ಲಿ ಹತ್ತು ಸಾವಿರ ಇಳಿಯುತ್ತೆ, ಅದಂತೂ ನಿಜ.

ಇನ್ನು ಅಪ್ಪನ ಡೈರಿ. ಬ್ಯಾಂಕಿನವರು ಕೊಟ್ಟ ಹಳೇ ಡೈರಿ. ತಾರೀಕಿಗೂ ಅದರೊಳಗಿನ ಬರಹಕ್ಕೂ ಸಂಬಂಧವೇ ಇಲ್ಲ. ಮೊದಲ ಪುಟದಲ್ಲಿ ಹಳ್ಳಿಕಾರ್ ಚಿತ್ರದ ಸ್ಟಾಂಪು ಅಂಟಿಸಿದ್ದಾನೆ. 2000ದಲ್ಲಿ ಅಂಚೆಯವರು ನಾಲ್ಕು ನಾಟಿ ತಳಿಗಳ ಸ್ಟಾಂಪು ತಂದಿದ್ದರು, ಗಿರ್, ಕಾಂಕ್ರೇಜ್, ಕಾಂಗೇಯಂ ಜೊತೆಗೆ ನಮ್ಮ ಹಳ್ಳಿಕಾರ್. ಒಳಗೆ ಪುಟಕ್ಕೆ ಏಳೆಂಟು ಸಾಲು. "ಬಿದರೆ ಕಡೆ. ಬಿಳಿ ಹಸು. ಎರಡನೇ ಸೂಲು. ಮಂಗಳವಾರ ಬೆಳಿಗ್ಗೆ. ಕಾಸು ಬಾಕಿ." ಅದರ ಪಕ್ಕ ಒಂಬತ್ತು ತಿಂಗಳಾದ ಮೇಲೆ ಬೇರೆ ಪೆನ್ನಿನಲ್ಲಿ: "ಹೆಣ್ಣುಗರು. ಕಾಲು ಚೆನ್ನಾಗಿದೆ." ಎಲ್ಲ ಊರಿಗೂ ಸಂತೆಗೆ ಹೋದಾಗ ಕೇಳಿ ಬರೆದುಕೊಂಡು ಬರುತ್ತಿದ್ದ. ನನಗೆ ಆಗ ಇದು ಹುಚ್ಚು ಅನ್ನಿಸುತ್ತಿತ್ತು. ಹೋರಿ ಕೊಟ್ಟಾಯ್ತು, ಕಾಸು ತಗೊಂಡಾಯ್ತು, ಕರು ಅವರ ಮನೆದು, ನಮಗೇನು?

2021ರಲ್ಲಿ ಅಪ್ಪ ಹೋದ. ಹಗ್ಗ ನನ್ನ ಕೈಗೆ ಬಂತು. ಡೈರಿ ಮಾಡಿನ ಸಂದಿಗೆ ಹೋಯಿತು.

2022ರ ಜುಲೈ. ತೋಟದಲ್ಲಿ ಕಾಯಿ ಕೀಳುವವರು ಬಂದಿದ್ದರು. ಬೆಳಿಗ್ಗೆ ಒಂದು ಹಸು ಬಂದು ಹೋಗಿತ್ತು. ಹನ್ನೊಂದು ಗಂಟೆಗೆ ಪಕ್ಕದ ಊರಿನ ಅಕ್ಕ ಒಬ್ಬರು ಕಡಸು ಹೊಡೆದುಕೊಂಡು ಬಂದರು. ಬಿಸಿಲಲ್ಲಿ ನಡೆದು ಬಂದು ಅವರ ಸೆರಗೆಲ್ಲ ಒದ್ದೆ. "ನಿನ್ನೆ ರಾತ್ರಿಯಿಂದ ಅರಚ್ತಾ ಐತೆ ಕಣಪ್ಪ, ಇವತ್ತು ಬಿಟ್ರೆ ಮತ್ತೆ ಮೂರು ವಾರ" ಅಂದರು. ಚೆಂದದ ಕಡಸು. ಬೂದು ಮೈ, ಕುತ್ತಿಗೆ ಕಪ್ಪು, ಕೊಂಬು ಈಗಷ್ಟೇ ಹಿಂದಕ್ಕೆ ಹೊರಳುತ್ತಿತ್ತು. ಎಲ್ಲೋ ನೋಡಿದ ಹಾಗಿದೆ ಅಂತ ಅನ್ನಿಸಿತು. ಅನ್ನಿಸಿದ್ದಷ್ಟೇ. ನಾಲ್ಕು ಕಂಬದ ಕಟ್ಟಿನೊಳಗೆ ನಿಲ್ಲಿಸಿ ಕರಿಯನನ್ನು ಬಿಟ್ಟೆ. ಐದು ನಿಮಿಷದ ಕೆಲಸ. ಅಕ್ಕ ಗಂಟಿನಿಂದ ಮಡಿಸಿದ ನೋಟು ತೆಗೆದು ಕೊಟ್ಟರು. ನಾನು ತೋಟಕ್ಕೆ ಓಡಿದೆ.

ಮುಂದಿನ ಏಪ್ರಿಲ್ ಕೊನೆಗೆ ಅವರ ಮಗ ಬಂದ. "ಕರು ಹಾಕೈತೆ, ಆದ್ರೆ ಮೊಲೆ ಹಿಡೀತಿಲ್ಲ, ನೀವೊಂದ್ಸಲ ಬಂದು ನೋಡ್ತೀರಾ?" ಹೋದೆ. ಗಂಡುಗರು. ಕೆಳದವಡೆ ಗಿಡ್ಡ. ಮೇಲಿನ ತುಟಿ ಎರಡು ಬೆರಳು ಮುಂದೆ ಚಾಚಿತ್ತು. ಮೊಲೆ ಬಾಯಿಗೆ ಇಟ್ಟರೆ ನಾಲಿಗೆ ಸುತ್ತುತ್ತಿತ್ತು, ಹಿಡಿತ ಸಿಗುತ್ತಿರಲಿಲ್ಲ. ಅಕ್ಕ ಬಾಟಲಿಯಲ್ಲಿ ಹಾಲು ಹಾಕುತ್ತಿದ್ದರು. ಅರ್ಧ ಗಂಟಲಿಗೆ, ಅರ್ಧ ನೆಲಕ್ಕೆ. ಹನ್ನೊಂದನೇ ದಿನ ಹೋಯಿತು.

ಪಶು ಡಾಕ್ಟರು ಕರು ನೋಡಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಈ ಕಡಸಿನ ಅಪ್ಪ ಯಾರು?" ಅಕ್ಕನಿಗೆ ಗೊತ್ತಿರಲಿಲ್ಲ. ಆರು ತಿಂಗಳ ಕರುವಾಗಿದ್ದಾಗ ಯಾರಿಂದಲೋ ಕೊಂಡಿದ್ದರು. ಬಿದರೆ ಕಡೆಯವರು, ಬಿಳಿ ಹಸುವಿನ ಕರು ಅಂದರು. ನನಗೆ ಅಲ್ಲೇ ಕೈಕಾಲು ತಣ್ಣಗಾಯಿತು. ಮನೆಗೆ ಬಂದು ಮಾಡಿನ ಸಂದಿಯಿಂದ ಡೈರಿ ಎಳೆದೆ. ಗೆದ್ದಲು ಒಂದು ಮೂಲೆ ತಿಂದಿತ್ತು, ಆ ಸಾಲನ್ನು ಬಿಟ್ಟಿತ್ತು. "ಬಿದರೆ ಕಡೆ. ಬಿಳಿ ಹಸು... ಹೆಣ್ಣುಗರು. ಕಾಲು ಚೆನ್ನಾಗಿದೆ." ಕರಿಯನ ಮಗಳನ್ನು ಕರಿಯನಿಗೇ ಬಿಟ್ಟಿದ್ದೆ.

ಡಾಕ್ಟರು ಆಮೇಲೆ ಮಾತ್ರೆ ಚೀಟಿಯ ಹಿಂದೆ ಗೀಟು ಎಳೆದು ತೋರಿಸಿದರು. ಅಪ್ಪ-ಮಗಳು ಕೂಡಿದರೆ ಕರುವಿನಲ್ಲಿ ನೂರಕ್ಕೆ 25 ಪಾಲು ಒಂದೇ ಹಿರಿಯನಿಂದ ಎರಡು ದಾರಿಯಲ್ಲೂ ಬಂದ ಅದೇ ಗುಣ ಜೋಡಿ ಬೀಳುತ್ತದೆ. ಕರಿಯನೊಳಗೆ ಯಾವುದೋ ಒಂದು ಕೆಟ್ಟದ್ದು ಸುಮ್ನೆ ಮಲಗಿರುತ್ತೆ. ಒಂಟಿಯಾಗಿದ್ದರೆ ಏಳುವುದಿಲ್ಲ. ಜೋಡಿಯಾದರೆ ಎದ್ದು ಕೂರುತ್ತೆ. "ಇದೇ ಕಾರಣ ಅಂತ ಅಡ್ಡ ಗೆರೆ ಎಳೆದು ಹೇಳೋಕಾಗಲ್ಲ, ಆದ್ರೆ ನಿಮ್ಮ ಸುತ್ತಮುತ್ತ ಇವನ ಮಕ್ಕಳು ಎಷ್ಟಿದಾವೆ ಎಣಿಸಿ ನೋಡಿ" ಅಂದರು. ಎಣಿಸಿದೆ. ಅಪ್ಪ ಬರೆದಿದ್ದ ಹೆಣ್ಣುಗರುಗಳೇ ಮೂವತ್ತೊಂದು. ನಾನು ಬರೆಯದೆ ಬಿಟ್ಟವು ಎಷ್ಟೋ. ಎಲ್ಲ ಕಡಸಾಗುವ ವಯಸ್ಸಿಗೆ ಬರುತ್ತಿದ್ದವು. ಎಲ್ಲಕ್ಕೂ ಹತ್ತಿರದ ಹೋರಿ ಕರಿಯನೇ.

ಅಕ್ಕ ನನ್ನನ್ನು ಬೈಯಲಿಲ್ಲ. ಕಾಸು ವಾಪಸ್ ಕೊಡಲು ಹೋದರೆ, "ನಿಮ್ಮಪ್ಪ ಇದ್ದಿದ್ರೆ ಕೇಳಿರೋನು" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಗಲೇ ಹೋರಿ ಬದಲಾಯಿಸಬೇಕಿತ್ತು. ಆದರೆ ಕರು ಹುಟ್ಟುವ ಮೊದಲೇ, 2022ರ ಕೊನೆಯಲ್ಲಿ ಚರ್ಮಗಂಟು ರೋಗ ಬಂದು ದನದ ಜಾತ್ರೆಗೂ ಸಾಗಾಟಕ್ಕೂ ತಡೆ ಬಿದ್ದಿತ್ತು. ಅದು ಕಳೆದ ಮೇಲೆ ಜಾತ್ರೆಗೆ ಹೋದರೆ ಬೇರೆ ಲೋಕ. ಹಳ್ಳಿಕಾರ್‌ಗೆ ಈಗ ಫ್ಯಾಷನ್ ಬಂದಿದೆ. ಹೋರಿಗೆ ಶಾಮಿಯಾನ, ಬ್ಯಾನರು, ಹೂವಿನ ಹಾರ, ಡ್ರೋನು. ಲಕ್ಷದ ಲೆಕ್ಕ ಬಿಟ್ಟು ಮಾತಿಲ್ಲ. ತಳಿಗೆ ಬೆಲೆ ಬಂದದ್ದು ಒಳ್ಳೆಯದೇ, ನನಗೆ ಹೊಟ್ಟೆಕಿಚ್ಚಿಲ್ಲ (ಸ್ವಲ್ಪ ಇದೆ). ಆದರೆ ಅಷ್ಟು ಬೆಲೆಯ ಹೋರಿಯ ಪಕ್ಕ ನಿಂತು, "ಇದರ ತಾಯಿ ಯಾವುದು? ಇದರ ಮಕ್ಕಳು ಎಲ್ಲಿವೆ, ನೋಡಬಹುದಾ?" ಅಂತ ಕೇಳಿದರೆ ಹುಡುಗರು ಮುಖ ಮುಖ ನೋಡುತ್ತಾರೆ. ಒಬ್ಬನಂತೂ, "ಅಣ್ಣ, ರೀಲ್ಸ್‌ನಲ್ಲಿ ಇದೆ ನೋಡಿ" ಅಂದ. ಬೀಜದ ಹೋರಿಯನ್ನು ಅದರ ಮೈ ನೋಡಿ ಕೊಳ್ಳುವುದು ಅಂದರೆ ಅಂಗಡಿಯ ಬೋರ್ಡು ನೋಡಿ ಊಟ ಮಾಡಿದ ಹಾಗೆ. ಮಕ್ಕಳನ್ನು ನೋಡಬೇಕು. ಅದೂ ಒಂದಲ್ಲ, ಹತ್ತು.

ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಸರ್ಕಾರದ ಹಳ್ಳಿಕಾರ್ ಫಾರಂ ಇದೆ, ಅಲ್ಲಿಗೂ ಹೋಗಿ ವಿಚಾರಿಸಿದೆ. ಕಡ್ಡಿಯಲ್ಲಿ ಬೀಜ ಕೊಡಿಸಿ (ಕೃತಕ ಗರ್ಭಧಾರಣೆ, ನಮ್ಮ ಕಡೆ ಸೂಜಿ ಅಂತಾರೆ) ಅಂತಲೂ ಹಲವರು ಹೇಳಿದರು. ಮೈನಸ್ 196 ಡಿಗ್ರಿ ಸಾರಜನಕದಲ್ಲಿ ಇಟ್ಟ ಕಡ್ಡಿ, ಕಾಲು ಮಿಲಿ. ಅದರಲ್ಲಿ ರೋಗ ದಾಟುವ ಭಯ ಕಮ್ಮಿ, ಹೋರಿಯ ನಂಬರು ಕಡ್ಡಿಯ ಮೇಲೇ ಇರುತ್ತೆ. ನನ್ನ ಹೊಟ್ಟೆಪಾಡಿಗೆ ಕಲ್ಲು ಬಿದ್ದರೂ ಅದು ಒಳ್ಳೆಯದೇ. ಆದರೆ ನಾಟಿ ಹಸುವಿನ ಬೆದೆ ಸದ್ದಿಲ್ಲದೆ ಬಂದು ಹೋಗುತ್ತೆ. ಇವತ್ತು ಸಂಜೆ ಬೆದೆ, ನಾಳೆ ಭಾನುವಾರ, ಸೂಜಿ ಹಾಕುವವರು ಸೋಮವಾರ. ಅಷ್ಟರಲ್ಲಿ ಮುಗಿದಿರುತ್ತೆ. ಹೋರಿಗೆ ಭಾನುವಾರ ಇಲ್ಲ.

ಹುಲಿಯೂರುದುರ್ಗದ ಕಡೆಯ ಯಜಮಾನರ ಸುದ್ದಿ ಸಿಕ್ಕಿದ್ದು ಲಾಳ ಕಟ್ಟುವವನಿಂದ. ಅವರ ಹತ್ತಿರವೂ ಒಂದು ಹೋರಿ, ಅವರಿಗೂ ಇದೇ ತಾಪತ್ರಯ. ನೋಡಿ ಬರೋಣ ಅಂತ ಬೈಕ್ ಹತ್ತಿದೆ. ಕುಣಿಗಲ್‌ನಲ್ಲಿ ಟೀ ಕುಡಿಯಲು ನಿಂತಾಗ ಪಕ್ಕದಲ್ಲಿ ಕೂತವರು ಕುದುರೆ ಫಾರಂನಲ್ಲಿ ಸಯೀಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆಗಿದ್ದವರು. ಟಿಪ್ಪು ಕಾಲದಿಂದ ಕುದುರೆ ಸಾಕಿದ ಜಾಗ ಅದು, ಆಮೇಲೆ ರೇಸಿನ ಕುದುರೆ ತಳಿ ಥರೋಬ್ರೆಡ್‌ಗಳದು. ಮಾತಿಗೆ ಮಾತು ಬಂತು. ಅಲ್ಲಿ ಹುಟ್ಟಿದ ಒಂದೊಂದು ಮರಿಗೂ ಅಪ್ಪ ಅಮ್ಮನ ಹೆಸರಿನ ಸಮೇತ ಪುಣೆಯ ಸ್ಟಡ್ ಬುಕ್ಕಿನಲ್ಲಿ ದಾಖಲೆ ಇರಬೇಕಂತೆ. ಡಿಎನ್ಎ ನೋಡಿಯೇ ಬರೆದುಕೊಳ್ಳುವುದಂತೆ. ಸೂಜಿಯಲ್ಲಿ ಹುಟ್ಟಿದ ಮರಿಯನ್ನು ಥರೋಬ್ರೆಡ್ ಅಂತ ಸೇರಿಸಿಕೊಳ್ಳುವುದೇ ಇಲ್ಲ. ಗಂಡು ಕುದುರೆಯೇ ಬಂದು ಹಾರಬೇಕು. ಲಂಡನ್ನಿನಲ್ಲಿ ಈ ಪುಸ್ತಕ ಶುರುವಾಗಿದ್ದು 1791ರಲ್ಲಿ. "ನಿಮ್ಮ ಹೋರಿಗೆ ಪುಸ್ತಕ ಇಲ್ವಾ?" ಅಂತ ಕೇಳಿದರು. "ಇದೆ, ಗೆದ್ದಲು ಹಿಡಿದಿದೆ" ಅಂದೆ.

ಅವತ್ತು ರಾತ್ರಿ ಮೊಬೈಲಿನಲ್ಲಿ ಇದನ್ನೇ ಕೆದಕುತ್ತಾ ಕೂತೆ. ರೇಸಿನ ಕುದುರೆ ಬಿಡಿ, ಅದು ಸಾಹುಕಾರರ ವಿಷಯ. ನನಗೆ ಹಿಡಿಸಿದ್ದು ಭಾರ ಎಳೆಯುವ ಕುದುರೆಗಳು. ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್, ಇಂಗ್ಲೆಂಡಿನ ಶೈರ್, ಫ್ರಾನ್ಸಿನ ಪರ್ಶೆರಾನ್. ಸಾರೋಟಿಗೆ ಹ್ಯಾಕ್ನಿ. ನಮ್ಮಲ್ಲಿ ಭಾರದ ಗಾಡಿಗೆ ಒಂದು ಎತ್ತು, ಸವಾರಿ ಗಾಡಿಗೆ ಒಂದು ಎತ್ತು ಇದ್ದ ಹಾಗೇ. ಕ್ಲೈಡ್ಸ್‌ಡೇಲ್ ಸಂಘ ಆಗಿದ್ದು 1877ರಲ್ಲಿ, ಶೈರ್ ಸಂಘ ಮರುವರ್ಷ. ಅದಕ್ಕೂ ಮೊದಲಿನಿಂದ ಅಲ್ಲಿ ಬೀಜದ ಕುದುರೆಯನ್ನು ಒಬ್ಬ ಆಳು ಹಿಡಿದುಕೊಂಡು ಊರೂರು ನಡೆಯುತ್ತಿದ್ದನಂತೆ. ಕೈಯಲ್ಲಿ ಅಚ್ಚು ಹಾಕಿಸಿದ ಚೀಟಿ. ಕುದುರೆಯ ಹೆಸರು, ಅಪ್ಪ, ತಾತ, ಗೆದ್ದ ಬಹುಮಾನ, ಯಾವ ವಾರ ಯಾವ ಸಂತೆಗೆ ಬರುತ್ತೆ, ಕಾಸು ಎಷ್ಟು. ಕೊನೆಗೆ ಆಳಿನ ಕೈಗಾಸು ಬೇರೆ. ಮರಿ ಆಗದಿದ್ದರೆ ಕಾಸಿಲ್ಲ ಅನ್ನುವ ಕರಾರಿನವರೂ ಇದ್ದರು.

ಓದುತ್ತಾ ಓದುತ್ತಾ ನನಗೆ ನಗು ಬಂತು. ಅಪ್ಪ ಎಂಬತ್ತರ ದಶಕದಲ್ಲಿ ಎರಡನೇ ಹೋರಿಯನ್ನು ಹೀಗೆಯೇ ಹೊಡೆದುಕೊಂಡು ಹೋಗುತ್ತಿದ್ದ. ಒಂದು ದಿನ ಚೇಳೂರು ಕಡೆ, ಇನ್ನೊಂದು ದಿನ ನಿಟ್ಟೂರು ಕಡೆ, ಸುಗ್ಗಿ ಮುಗಿದ ಮೇಲೆ ಬುಕ್ಕಾಪಟ್ಟಣದವರೆಗೂ. ಹೋರಿ ಕೊರಳ ಗಂಟೆ ಕೇಳಿದರೆ ಹಸು ಇದ್ದವರು ಬಾಗಿಲಿಗೆ ಬರುತ್ತಿದ್ದರಂತೆ. ಹೋದ ಮನೆಯಲ್ಲಿ ಹೋರಿಗೆ ಹುರುಳಿ, ಅಪ್ಪನಿಗೆ ಮುದ್ದೆ. ಅಚ್ಚಿನ ಚೀಟಿ ಇರಲಿಲ್ಲ ಅಷ್ಟೇ. ಅಪ್ಪನ ಬಾಯೇ ಚೀಟಿ.

ಹಾಗೆ ನೋಡಿದರೆ ನಮ್ಮ ಊರ ಹೆಸರಿಗೇ ದೊಡ್ಡ ದಾಖಲೆ ಇದೆ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತ್ ಮಹಲ್ ಅಂತ ಕರೆದ. ಫಿರಂಗಿ ಎಳೆಯುವ ಎತ್ತುಗಳು ಅಲ್ಲಿಂದಲೇ. ಆ ತಳಿ ಆಗಿದ್ದು ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಈ ಮೂರು ಬಗೆಯ ದನಗಳಿಂದ. ಮೂರರಲ್ಲಿ ಒಂದಕ್ಕೆ ನಮ್ಮ ಊರ ಹೆಸರು. ಹಾಗಲವಾಡಿ ದನ ಅಂತ ಬೇರೆ ಗುರುತಿಸಲು ಈಗ ನಮ್ಮೂರಲ್ಲಿ ಯಾರಿಗೂ ಬರುವುದಿಲ್ಲ. ಒಂದರಲ್ಲಿ ಒಂದು ಬೆರೆತು ಹೋಗಿದೆ. ಯಾರೂ ಬರೆದಿಡಲಿಲ್ಲ.

ಹುಲಿಯೂರುದುರ್ಗದ ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರ ಹೋರಿಯ ಹೆಸರು ಬೆಳ್ಳ. ಆರು ಹಲ್ಲು. ಕರಿಯನಿಗಿಂತ ಚೂರು ಗಿಡ್ಡ, ಎದೆ ಅಗಲ. ಗಂಗೆದೊಗಲು ತೆಳು. ಕೆರೆ ಅಂಗಳ ಇರಲಿಲ್ಲ, ಬೋರ್‌ವೆಲ್ ಪೈಪ್ ಸೋರಿದ ಕಡೆ ನಡೆಸಿ ನೋಡಿದೆ. ಹಿಂಗಾಲು ಸರಿಯಾಗಿ ಮುಂಗಾಲಿನ ಗುರುತಿನ ಮೇಲೆ ಬಿತ್ತು. ಯಜಮಾನರು ನಾನು ಬಗ್ಗಿದ್ದು ನೋಡಿ, "ಯಾರ ಮಗನಪ್ಪ ನೀನು?" ಅಂತ ಕೇಳಿದರು. ಆಮೇಲೆ ಬೆಳ್ಳನ ಮಕ್ಕಳನ್ನು ನೋಡಲು ಮೂರು ಊರು ಸುತ್ತಿಸಿದರು. ಹದಿನಾಲ್ಕು ಕರು ನೋಡಿದೆ. ಹನ್ನೆರಡು ಹಿಡಿಸಿದವು.

ಅವರ ಹತ್ತಿರ ಡೈರಿ ಇಲ್ಲ. ಎಲ್ಲ ತಲೆಯಲ್ಲೇ. ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಾ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. "ಇವನ ತಾಯಿ ನಮ್ಮ ಸೊಸೆ ತವರಿಂದ ಬಂದದ್ದು. ಅದರ ತಾಯಿ ನಮ್ಮ ಬೀಗರು ಮಾಗಡಿ ಕಡೆಯಿಂದ ತಂದಿದ್ರು. ಅಪ್ಪ ನಮ್ಮ ಷಡ್ಡಕನ ಮನೆ ಹೋರಿ. ಅದು ಒಂದ್ಸಲ ನನ್ನ ಬಾವಿಗೆ ಕೆಡವಿತ್ತು." ಒಳಗಿಂದ ಅವರ ಸೊಸೆ, "ಮಾವ, ಆ ಹಸು ನಮ್ಮ ತವರಿಂದಲ್ಲ, ನಮ್ಮ ಚಿಕ್ಕಪ್ಪನ ಮನೆದು" ಅಂತ ತಿದ್ದಿದರು. ತಿದ್ದಿದ್ದನ್ನೂ ಬರೆದುಕೊಂಡೆ. ನಾನು ಅಪ್ಪನ ಡೈರಿಯನ್ನು ಗುಬ್ಬಿಯಲ್ಲಿ ಜೆರಾಕ್ಸ್ ಮಾಡಿಸಿ ತಂದಿದ್ದೆ. ಅವರಿಗೆ ಓದಲು ಕಷ್ಟ. ಮೊಮ್ಮಗಳು ಓದಿ ಹೇಳಿದಳು. "ಕಾಸು ಬಾಕಿ" ಬಂದ ಕಡೆಯೆಲ್ಲ ಯಜಮಾನರು ನಕ್ಕರು. ದಲ್ಲಾಳಿ ಇಲ್ಲ, ಟವೆಲ್ ಇಲ್ಲ. ಎರಡೂ ಹೋರಿಗೆ ಕಂದು ರೋಗದ (ಗಬ್ಬ ಕಳಚುವ ಬ್ರುಸೆಲ್ಲಾ ರೋಗ) ರಕ್ತ ಪರೀಕ್ಷೆ ಆಗಲಿ, ಆಮೇಲೆ ಬದಲಾಯಿಸೋಣ ಅಂತ ಮಾತಾಯಿತು. ಎರಡರದ್ದೂ ಇಲ್ಲ ಅಂತ ಬಂತು.

ಕರಿಯ ಗಾಡಿ ಹತ್ತುವುದಕ್ಕೆ ಒಂದು ಗಂಟೆ ಹಿಡಿಯಿತು. ಅವ್ವ ಕೊಬ್ಬರಿ ಬೆಲ್ಲ ತಿನ್ನಿಸಿ, ಹಣೆಗೆ ಅರಿಶಿನ ಕುಂಕುಮ ಇಟ್ಟು, ಅವನು ಹತ್ತುವ ಮೊದಲೇ ಒಳಗೆ ಹೋಗಿಬಿಟ್ಟರು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಬೆಳ್ಳ ಬಂದ ಮೊದಲ ಎರಡು ದಿನ ಹಿಂಡಿ ಮುಟ್ಟಲಿಲ್ಲ. ಕರಿಯನ ಗೊಂತಿನಲ್ಲಿ ಮೂತಿ ಇಟ್ಟು ಬುಸ್ಸೆನ್ನೋನು. ಮೂರನೇ ದಿನ ನನ್ನ ಹೆಂಡತಿ, "ರೀ, ಗೊಂತು ತೊಳೆದು ಸುಣ್ಣ ಹೊಡೀರಿ, ಅವನಿಗೆ ಬೇರೆಯವರ ವಾಸನೆ" ಅಂದಳು. ಹೊಡೆದೆ. ಸಂಜೆಗೆ ತಿಂದ. ಹೊಸ ನೋಟ್‌ಬುಕ್ಕನ್ನೂ ಅವಳೇ ತಂದು ಗೀಟು ಹಾಕಿದ್ದಾಳೆ. ಹಸುವಿನ ಕಿವಿ ಓಲೆಯ ಹನ್ನೆರಡು ಅಂಕಿ, ಅದರ ಅಪ್ಪ, ಅಮ್ಮ, ಯಾರಿಂದ ಕೊಂಡದ್ದು. ಕೊನೆಯ ಕಾಲಂ ಖಾಲಿ, ಕರು ಹುಟ್ಟಿದ ಮೇಲೆ ಬರೆಯಲು.

ನಿನ್ನೆ ಬೆಳಿಗ್ಗೆ ಏಳಕ್ಕೆ ಗೇಟ್ ಸದ್ದಾಯಿತು. ಅದೇ ಅಕ್ಕ, ಅದೇ ಹಸು. ಆವತ್ತಿನ ಮೇಲೆ ಎರಡು ಸಲ ಸೂಜಿ ಹಾಕಿಸಿದರೂ ನಿಂತಿಲ್ಲವಂತೆ. "ಹೊಸಬ ಬಂದವ್ನಂತಲ್ಲ" ಅಂದರು. ನೋಟ್‌ಬುಕ್ ತಂದೆ. ಕಿವಿ ಓಲೆ ತುಂಬ ಸಗಣಿ. ಅಕ್ಕ ಸೆರಗಿನಿಂದಲೇ ಒರೆಸಿ ಅಂಕಿ ಓದಿದರು, ನಾನು ಬರೆದೆ. ಅಪ್ಪ ಅನ್ನುವ ಕಡೆ ಕರಿಯ ಅಂತ ಬರೆಯುವಾಗ ಅವರು ಪುಟದ ಕಡೆಯೇ ನೋಡುತ್ತಿದ್ದರು. ಬೆಳ್ಳನನ್ನು ಬಿಚ್ಚಿ ತಂದೆ. ಅವನು ಹಸುವನ್ನು ಒಂದು ಸುತ್ತು ಮೂಸಿದ, ಮೇಲ್ತುಟಿ ಎತ್ತಿ ಆಕಾಶ ನೋಡಿದ, ಆಮೇಲೆ ಸುಮ್ನೆ ನಿಂತ. ಹತ್ತು ನಿಮಿಷವಾದರೂ ಅಲ್ಲಾಡಲಿಲ್ಲ.

"ಹೊಸ ಜಾಗ, ನಾಚ್ಕೋತಾನೆ" ಅಂದರು ಅಕ್ಕ. ಹಸುವನ್ನು ನೆರಳಿಗೆ ಕಟ್ಟಿ, ಜಗಲಿಯಲ್ಲಿ ಕೂತು ಕಾಫಿ ಕೇಳಿದರು.